ಬೇಸ್ ಎಂದರೆ ಬರೀ ಗುದ್ದಲ್ಲ

ಗಣೇಶನ ವಿಸರ್ಜನೆಯಾಗಲಿ, ಊರಮ್ಮನ ಜಾತ್ರೆಯಾಗಲಿ, ಟ್ರ್ಯಾಕ್ಟರ್ ಟ್ರೇಲರ್ ಮೇಲೆ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳು ಏರದಿದ್ದರೆ ಮಧುಗಿರಿ ಸೀಮೆಯಲ್ಲಿ ಈಗ ಹಬ್ಬ ಸಪ್ಪೆ. ಡಿಜೆ ಹುಡುಗನ ಸುತ್ತ ನಿಂತವರು ಕೇಳುವುದು ಒಂದೇ: 'ಬೇಸ್ ಕೊಡು ಗುರು.' ಆತ ಕೊಡುತ್ತಾನೆ. ಶೀಟಿನ ಮನೆ ಅದುರುತ್ತದೆ, ಕೊಟ್ಟಿಗೆಯ ದನ ಹಗ್ಗ ಜಗ್ಗುತ್ತದೆ, ಬಿಪಿ ಮಾತ್ರೆ ನುಂಗುವ ಹಿರಿಯರು ಬಾಗಿಲು ಹಾಕಿಕೊಳ್ಳುತ್ತಾರೆ. ಒಂದಿಡೀ ತಲೆಮಾರಿಗೆ ಬೇಸ್ ಎಂದರೆ ಇಷ್ಟೇ ಆಗಿಹೋಗಿದೆ, ಎದೆಗೆ ಬೀಳುವ ಗುದ್ದು. ಅದಕ್ಕೆ ರಾಗವಿಲ್ಲ, ಹೊರಟ ಜಾಗವಿಲ್ಲ, ಸೇರುವ ಊರೂ ಇಲ್ಲ.

ಅಂಥ ಮೆರವಣಿಗೆಯಲ್ಲಿ ರೀಮಿಕ್ಸ್ ಆಗಿ ಏಟು ತಿನ್ನುವ ಹಾಡುಗಳಲ್ಲಿ ಶಂಕರ್‌ನಾಗ್ ಕಾಲದವೂ ಇರುತ್ತವೆ. 1981ರ 'ಗೀತಾ' ಚಿತ್ರದ 'ಜೊತೆಯಲಿ' ಹಾಡಿನ ಮೂಲ ಮುದ್ರಿಕೆಯನ್ನು ಒಳ್ಳೆಯ ಹೆಡ್‌ಫೋನಿನಲ್ಲಿ ಕೇಳಿದವರಿಗೆ ಬೇರೆಯದೇ ಸಂಗತಿ ಗೊತ್ತು. ಎಸ್.ಪಿ.ಬಾಲಸುಬ್ರಹ್ಮಣ್ಯಂ ಮತ್ತು ಎಸ್.ಜಾನಕಿ ಹಾಡುವ ರಾಗದ ಕೆಳಗೆ ಬೇಸ್ ಗಿಟಾರ್ ತನ್ನದೇ ಇನ್ನೊಂದು ರಾಗ ಹಿಡಿದು ಓಡುತ್ತಿರುತ್ತದೆ. ಉಳಿದ ವಾದ್ಯಗಳನ್ನೆಲ್ಲ ತೆಗೆದುಹಾಕಿ ಆ ಸಾಲೊಂದನ್ನೇ ನುಡಿಸಿದರೂ ಕಿವಿಯುಳ್ಳವರು 'ಇದು ಆ ಹಾಡಲ್ಲವೇ' ಎಂದು ತಲೆ ಎತ್ತುತ್ತಾರೆ. ಇಂಥ ಸಾಲುಗಳನ್ನು ಗಾಯಕರ ಹಿಂದೆ ನಿಂತು ನುಡಿಸಲಿಕ್ಕಷ್ಟೇ ಅಲ್ಲ, ಒಬ್ಬರೇ ಕೂತು ನುಡಿಸುವ ಕೃತಿಗಳೆಂದೇ ಕಲಿಯಬೇಕು. ಅದರಲ್ಲೂ ಬ್ಯಾಂಡ್ ಕಟ್ಟಲು ನಾಲ್ಕು ಜನ ಸಿಗದ ಊರುಗಳಲ್ಲಿ ಕಲಿಯಬೇಕು.

ಐ.ಡಿ.ಹಳ್ಳಿ ಅಂಥ ಊರು. ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ, ಮಧುಗಿರಿ ತಾಲ್ಲೂಕಿನ ಹೋಬಳಿ ಕೇಂದ್ರ, ಆಂಧ್ರದ ಗಡಿ ದೂರವಿಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ಸೇರಿ ಒಂದು ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಪಾವಗಡದಲ್ಲಿ ಎರಡು ಸಾವಿರ ಮೆಗಾವಾಟ್ ಮೀರಿದ ಸೌರ ವಿದ್ಯುತ್ ಪಾರ್ಕ್ ಇದೆ. ಬೇಸ್ ಗಿಟಾರ್ ಹೇಳಿಕೊಡುವವರನ್ನು ಹುಡುಕಬೇಕೆಂದರೆ ಮಾತ್ರ ಬೆಂಗಳೂರಿನ ಬಸ್ಸು ಹತ್ತಬೇಕು. ಸರ್ಕಾರದ ಸಂಗೀತ ಪರೀಕ್ಷೆಗಳಲ್ಲಿ ವೀಣೆ, ಪಿಟೀಲು, ಕೊಳಲು, ಮೃದಂಗಗಳಿಗೆ ಪಠ್ಯವಿದೆ, ಈ ವಾದ್ಯಕ್ಕಿಲ್ಲ. ಹಾಗೆಂದು ವಾದ್ಯ ಇಲ್ಲಿಯವರಿಗೆ ಪರಕೀಯವೂ ಅಲ್ಲ. ನಲವತ್ತು ವರ್ಷಗಳಿಂದ ಟೇಪ್‌ರೆಕಾರ್ಡರಿನಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಅದನ್ನು ಕೇಳುತ್ತಲೇ ಬಂದಿದ್ದಾರೆ. ಕೇಳುತ್ತಿದ್ದೇವೆ ಎಂಬುದು ಗೊತ್ತಿಲ್ಲ, ಅಷ್ಟೇ.

ಗೊತ್ತಾಗದಿರಲು ಒಂದು ಕಾರಣ ಮೊಬೈಲು. ನಾಲ್ಕು ತಂತಿಯ ಬೇಸ್ ಗಿಟಾರಿನ ಅತ್ಯಂತ ದಪ್ಪ ತಂತಿ, ಅಂದರೆ ಇ ತಂತಿ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅದರ ಮೇಲಿನ ಎ 55, ಡಿ 73, ಜಿ 98. ಫೋನಿನ ಅಂಚಿನಲ್ಲಿರುವ ಕಡಲೆಬೀಜದಷ್ಟು ಸ್ಪೀಕರಿಗೆ ಅಷ್ಟು ನಿಧಾನದ ಕಂಪನವನ್ನು ಗಾಳಿಗೆ ದಾಟಿಸುವ ಶಕ್ತಿಯಿಲ್ಲ. ಮೂಲ ದನಿ ಅಲ್ಲೇ ಸತ್ತು ಅದರ ಮೇಲಿನ ಅನುಸ್ವರಗಳು ಮಾತ್ರ ಹೊರಬರುತ್ತವೆ. ಆ ತುಣುಕುಗಳಿಂದ ಮಿದುಳು ಮೂಲವನ್ನು ಊಹಿಸಿಕೊಳ್ಳುತ್ತದೆ. ಹೀಗೆ ಜನರಿಗೆ ಬೇಸ್ ಸಿಗುವುದು ಎರಡೇ ಅವತಾರದಲ್ಲಿ. ಫೋನಿನಲ್ಲಿ ಊಹೆಯಾಗಿ, ಡಿಜೆಯಲ್ಲಿ ಉತ್ಪಾತವಾಗಿ.

ಇನ್ನು ರಸಮಂಜರಿ. ಹಿಂದೆ ಆರ್ಕೆಸ್ಟ್ರಾ ಎಂದರೆ ವೇದಿಕೆಯ ಒಂದು ಮೂಲೆಯಲ್ಲಿ ಉದ್ದ ಕತ್ತಿನ ಗಿಟಾರ್ ಹಿಡಿದ ಒಬ್ಬರು ನಿಂತಿರುತ್ತಿದ್ದರು. ಈಗ ಕೀಬೋರ್ಡಿನವರ ಎಡಗೈಯೋ ಪೆನ್‌ಡ್ರೈವಿನ ಟ್ರ್ಯಾಕೋ ಆ ಕೆಲಸ ಮುಗಿಸಿಬಿಡುತ್ತದೆ. ಸಂಘಟಕರನ್ನು ಪೂರ್ತಿ ದೂರುವಂತಿಲ್ಲ, ಒಬ್ಬ ಕಲಾವಿದ ಕಡಿಮೆಯಾದರೆ ಒಂದು ಸಂಭಾವನೆ, ಒಂದು ಊಟ, ವ್ಯಾನಿನಲ್ಲಿ ಒಂದು ಸೀಟು ಉಳಿಯುತ್ತದೆ. ಆದರೆ ಹೀಗೆ ಉಳಿಸಿದ್ದು ಎಲ್ಲಿಗೆ ಹೋಗುತ್ತದೆ? ಇನ್ನೊಂದು ಜೊತೆ ಸಬ್‌ವೂಫರ್ ಬಾಡಿಗೆಗೆ. ನುಡಿಸುವವರನ್ನು ಇಳಿಸಿ ಗುದ್ದುವ ಪೆಟ್ಟಿಗೆ ಏರಿಸಿದ್ದಾರೆ.

ಕನ್ನಡದ ಮಟ್ಟಿಗೆ ಬೇಸ್ ಗಿಟಾರಿಗೆ ಬಾಯಿ ಕೊಟ್ಟವರ ಮಾತು ಬಂದರೆ ಇಳಯರಾಜ ಅವರ ಹೆಸರು ತಪ್ಪಿಸಲಾಗದು. 1976ರಲ್ಲಿ ತಮಿಳಿನ 'ಅನ್ನಕ್ಕಿಳಿ'ಯಿಂದ ಸಂಗೀತ ನಿರ್ದೇಶಕರಾಗುವ ಮೊದಲು ಅವರು ಜಿ.ಕೆ.ವೆಂಕಟೇಶ್ ಅವರ ಸಹಾಯಕರಾಗಿ ಹಲವಾರು ಕನ್ನಡ ಚಿತ್ರಗಳಿಗೆ ದುಡಿದವರು. ಮದ್ರಾಸಿನಲ್ಲಿ ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತ ಕಲಿತು, ಲಂಡನ್ನಿನ ಟ್ರಿನಿಟಿ ಕಾಲೇಜಿನ ಶಾಸ್ತ್ರೀಯ ಗಿಟಾರ್ ಪರೀಕ್ಷೆಯಲ್ಲಿ ಚಿನ್ನದ ಪದಕ ಪಡೆದವರು. ಪ್ರತಿ ವಾದ್ಯ ಏನು ನುಡಿಸಬೇಕೆಂಬುದನ್ನು ಕಾಗದದ ಮೇಲೆ ಸ್ವರಲಿಪಿಯಲ್ಲಿ ಬರೆದುಕೊಡುವುದು ಅವರ ಪದ್ಧತಿ, ಬೇಸ್ ಕೂಡ ಅದಕ್ಕೆ ಹೊರತಲ್ಲ. ಬಹಳ ಸಂಗೀತ ನಿರ್ದೇಶಕರು ಬೇಸ್ ನುಡಿಸುವವರಿಗೆ ಕಾರ್ಡ್‌ಗಳ (ಸ್ವರಗುಚ್ಛಗಳ) ಹೆಸರು ಕೊಟ್ಟು 'ನೋಡಿಕೊಂಡು ನುಡಿಸಿ' ಎನ್ನುತ್ತಿದ್ದ ಕಾಲ ಅದು. ಜರ್ಮನಿಯ ಸಂಗೀತ ರಚನಕಾರ ಬಾಖ್‌ನನ್ನು ಅರಗಿಸಿಕೊಂಡಿದ್ದ ಇಳಯರಾಜರ ಕೈ ಮಾತ್ರ ಮೇಲೊಂದು ರಾಗ, ಕೆಳಗೊಂದು ರಾಗ, ಎರಡೂ ಸ್ವತಂತ್ರ, ಎರಡೂ ಪರಸ್ಪರ ಹೊಂದುವಂಥವು ಎಂಬ ಲೆಕ್ಕದಲ್ಲಿ ಬರೆಯುತ್ತಿತ್ತು.

ಆ ಲೆಕ್ಕ ಕನ್ನಡದಲ್ಲಿ ಕೈಗೂಡಿದ ಅತ್ಯುತ್ತಮ ಉದಾಹರಣೆ 'ನಗುವ ನಯನ'. 1983ರ 'ಪಲ್ಲವಿ ಅನುಪಲ್ಲವಿ', ಮಣಿರತ್ನಂ ನಿರ್ದೇಶಿಸಿದ ಮೊದಲ ಚಿತ್ರ, ಸಾಹಿತ್ಯ ಆರ್.ಎನ್.ಜಯಗೋಪಾಲ್, ದನಿ ಮತ್ತೆ ಎಸ್ಪಿಬಿ ಮತ್ತು ಜಾನಕಿ. ಇದೇ ಚಿತ್ರದ ಥೀಮ್ ಸಂಗೀತ ಮುಂದೆ ಐಡಿಯಾ ಮೊಬೈಲ್ ಕಂಪನಿಯ ಜಾಹೀರಾತಾಗಿ ದೇಶ ಸುತ್ತಿದ್ದು ಎಲ್ಲರಿಗೂ ಗೊತ್ತು. ಹಾಡಿನ ಬೇಸ್ ಅಷ್ಟು ಸುದ್ದಿಯಾಗಲಿಲ್ಲ. ಒಮ್ಮೆ ಮಾತುಗಳನ್ನು ಮರೆತು ಕೆಳಗಿನ ದನಿಯನ್ನೇ ಹಿಂಬಾಲಿಸಿ ನೋಡಿ. ಗಾಯಕರು ಒಂದು ಸ್ವರವನ್ನು ಎಳೆದು ನಿಲ್ಲಿಸಿದಲ್ಲಿ ಅದು ನಡೆಯುತ್ತದೆ, ಅವರು ಮಾತು ತುಂಬಿದಲ್ಲಿ ಅದು ತಗ್ಗುತ್ತದೆ. ಆತುರವಿಲ್ಲ, ಪ್ರದರ್ಶನವಿಲ್ಲ, ಆದರೆ ಸುಮ್ಮನಿರುವುದೂ ಇಲ್ಲ. ಯುಗಳಗೀತೆ ಎನ್ನುತ್ತೇವೆ, ವಾಸ್ತವದಲ್ಲಿ ಅಲ್ಲಿ ಹಾಡುತ್ತಿರುವವರು ಮೂವರು.

ಆ ಮೂರನೆಯವರ ಹೆಸರು ಕ್ಯಾಸೆಟ್ಟಿನ ಹೊದಿಕೆಯ ಮೇಲೆ ಇರುತ್ತಿರಲಿಲ್ಲ. ಇಳಯರಾಜ ಅವರ ಅನೇಕ ಹಾಡುಗಳಿಗೆ ಬೇಸ್ ನುಡಿಸಿದ ಶಶಿಧರನ್ ಅವರಾಗಲಿ, ಎ.ಆರ್.ರೆಹಮಾನ್ ಹಾಡುಗಳಿಗೆ ನುಡಿಸಿದ ಕೀತ್ ಪೀಟರ್ಸ್ ಅವರಾಗಲಿ ಸಂಗೀತಗಾರರ ವಲಯದಾಚೆ ಯಾರಿಗೆ ಪರಿಚಯ? ಇದು ನಮ್ಮಲ್ಲಿ ಮಾತ್ರ ನಡೆದ ಅನ್ಯಾಯವಲ್ಲ. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಮೋಟೌನ್ ಕಂಪನಿಯ ಹಿಟ್ ಹಾಡುಗಳ ಬುಡದಲ್ಲಿದ್ದದ್ದು ಜೇಮ್ಸ್ ಜೇಮರ್‌ಸನ್ ಎಂಬಾತನ ಬಲಗೈಯ ಒಂದು ತೋರುಬೆರಳು. 1960ರ ದಶಕದುದ್ದಕ್ಕೂ ಆತ ನುಡಿಸಿದ ಹಾಡುಗಳನ್ನು ಜಗತ್ತು ಕುಣಿದು ಕೇಳಿತು; ಆತನ ಹೆಸರು ಆಲ್ಬಮ್ಮಿನ ಮೇಲೆ ಗೌರವದಿಂದ ಅಚ್ಚಾಗಲು 1971ರ ಮಾರ್ವಿನ್ ಗೇ ಅವರ 'ವಾಟ್ಸ್ ಗೋಯಿಂಗ್ ಆನ್' ಬರಬೇಕಾಯಿತು. ಇಂದು ಆ ಶೀರ್ಷಿಕೆ ಗೀತೆಯ ಬೇಸ್ ಸಾಲನ್ನು ಜಗತ್ತಿನಾದ್ಯಂತ ಕಲಿಯುವವರು ಒಂಟಿಯಾಗಿ, ಒಂದು ಸ್ವರವೂ ತಪ್ಪದಂತೆ ನುಡಿಸಿ ತಮ್ಮ ಕೈಯನ್ನು ಪರೀಕ್ಷಿಸಿಕೊಳ್ಳುತ್ತಾರೆ. 'ನಗುವ ನಯನ'ಕ್ಕೆ ಆ ಮರ್ಯಾದೆ ಇನ್ನೂ ಸಿಕ್ಕಿಲ್ಲ.

ಬೇಸ್ ನುಡಿಸುವವರೇ ಎತ್ತುವ ಒಂದು ತಕರಾರಿದೆ. ಬೇಸ್ ಒಂಟಿ ವಾದ್ಯವಲ್ಲ, ಆಧಾರ ಕೊಡುವುದೇ ಅದರ ಧರ್ಮ, ಅದನ್ನು ಮುಂದೆ ತಂದು ಕುಣಿಸುವುದು ಅಹಂಕಾರ ಎನ್ನುತ್ತಾರೆ. ಮಾತಿನಲ್ಲಿ ತೂಕವಿದೆ. ಹಾಡಿನ ನಡುವೆ ಬೆರಳ ಚಳಕ ತೋರಿಸಲು ಹೋಗಿ ಗಾಯಕರ ಕಾಲು ಎಳೆಯುವ ಬೇಸ್‌ಗಾರರನ್ನು ಎಲ್ಲರೂ ನೋಡಿದ್ದಾರೆ. ಆದರೆ ಪಕ್ಕವಾದ್ಯವೆಂದು ಹಣೆಪಟ್ಟಿ ಹಚ್ಚಿಸಿಕೊಂಡ ವಾದ್ಯಗಳ ಚರಿತ್ರೆ ಬೇರೆ ಕಥೆ ಹೇಳುತ್ತದೆ.

ಮೈಸೂರಿನ ಪಿಟೀಲು ಚೌಡಯ್ಯನವರನ್ನೇ ತೆಗೆದುಕೊಳ್ಳಿ. ಬಿಡಾರಂ ಕೃಷ್ಣಪ್ಪನವರ ಶಿಷ್ಯ, ಬಹುಕಾಲ ದೊಡ್ಡ ವಿದ್ವಾಂಸರ ಪಕ್ಕದಲ್ಲಿ ಕೂತು ನುಡಿಸಿದವರು. ಧ್ವನಿವರ್ಧಕ ಇಲ್ಲದ ಸಭೆಗಳಲ್ಲಿ ಹಿಂದಿನ ಸಾಲಿಗೆ ಪಿಟೀಲು ಕೇಳಿಸುತ್ತಿಲ್ಲ ಎಂಬ ಕೊರಗಿಗೆ ಅವರು ಕಂಡುಕೊಂಡ ಪರಿಹಾರ ನಾಲ್ಕು ತಂತಿಯ ಜಾಗದಲ್ಲಿ ಏಳು ತಂತಿ. ಪಕ್ಕವಾದ್ಯಕ್ಕೆಂದು ಮಾಡಿಕೊಂಡ ಆ ಬದಲಾವಣೆ ಪಿಟೀಲಿಗೆ ತನ್ನದೇ ಎದೆಗಾರಿಕೆ ಕೊಟ್ಟಿತು. 1957ರಲ್ಲಿ ಅವರಿಗೆ ಮದ್ರಾಸಿನ ಸಂಗೀತ ಕಲಾನಿಧಿ ಗೌರವ ಬಂತು. ಬೇಸ್ ಗಿಟಾರ್ ಹುಟ್ಟಿದ್ದೂ ಅಂಥದ್ದೇ ದೂರಿನಿಂದ. ಆಳೆತ್ತರದ ಡಬಲ್ ಬೇಸನ್ನು ಹೊತ್ತು ತಿರುಗುವುದು ಕಷ್ಟ, ಡ್ರಮ್ ಮತ್ತು ತುತ್ತೂರಿಗಳ ಗದ್ದಲದಲ್ಲಿ ಅದು ಕೇಳಿಸುತ್ತಲೂ ಇರಲಿಲ್ಲ. 1951ರಲ್ಲಿ ಕ್ಯಾಲಿಫೋರ್ನಿಯಾದ ಲಿಯೊ ಫೆಂಡರ್ ಅದನ್ನು ಗಿಟಾರಿನಂತೆ ಕೊರಳಿಗೆ ನೇತುಹಾಕಿಕೊಳ್ಳುವ, ಕತ್ತಿನ ಮೇಲೆ ಫ್ರೆಟ್ ಎಂಬ ಅಡ್ಡಪಟ್ಟಿಗಳಿರುವ, ಆಂಪ್ಲಿಫೈಯರಿಗೆ ಜೋಡಿಸುವ ವಾದ್ಯವಾಗಿ ಮಾರುಕಟ್ಟೆಗೆ ತಂದರು. ಮೈಸೂರಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ಕೊರಗು ಒಂದೇ: ಹಿಂದೆ ಕೂತವರ ದನಿ ಮುಂದೆ ತಲುಪುತ್ತಿಲ್ಲ.

ಚೆಲ್ಲೊ ಎಂಬ ಪಾಶ್ಚಾತ್ಯ ತಂತಿವಾದ್ಯದ ಕಥೆಯೂ ಇಂಥದ್ದೇ. ಬಾಖ್ ಸುಮಾರು 1720ರಲ್ಲಿ ಬರೆದ ಆರು ಚೆಲ್ಲೊ ಸ್ವೀಟ್‌ಗಳನ್ನು ಜನ ಬಹುಕಾಲ ಬೆರಳಿನ ಕಸರತ್ತೆಂದೇ ತಿಳಿದಿದ್ದರು. ಪಾಬ್ಲೊ ಕಸಾಲ್ಸ್ ಎಂಬ ಹದಿಮೂರರ ಹುಡುಗ 1890ರಲ್ಲಿ ಬಾರ್ಸಿಲೋನಾದ ಅಂಗಡಿಯೊಂದರಲ್ಲಿ ಅದರ ಪ್ರತಿ ಕಂಡು, ವರ್ಷಗಟ್ಟಲೆ ಸಾಧನೆ ಮಾಡಿ, 1936ರಿಂದ 1939ರ ನಡುವೆ ಆರನ್ನೂ ಧ್ವನಿಮುದ್ರಿಸಿದ ಮೇಲೆ ಚೆಲ್ಲೊ ಒಂಟಿಯಾಗಿ ಸಭೆ ತುಂಬಬಲ್ಲದು ಎಂಬುದು ಜನಕ್ಕೆ ಒಪ್ಪಿಗೆಯಾಯಿತು. ಇಂದು ಬೇಸ್ ಗಿಟಾರಿನ ವಿದ್ಯಾರ್ಥಿಗಳೂ ಮೊದಲ ಸ್ವೀಟಿನ ಪೀಠಿಕೆಯನ್ನು ಕಲಿಯುತ್ತಾರೆ. ಕರ್ನಾಟಕದ್ದೇ ಮಾತು ಬೇಕೆಂದರೆ ಕದ್ರಿ ಗೋಪಾಲನಾಥ್ ಅವರ ಉದಾಹರಣೆಯಿದೆ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನ್ ಅವರ ಕೈಯಲ್ಲಿ ತ್ಯಾಗರಾಜರ ಕೃತಿ ನುಡಿಯುವಂತಾಯಿತು. ಬೇಸ್ ಗಿಟಾರಿನ ಗೋಪಾಲನಾಥ್ ಇನ್ನೂ ಹುಟ್ಟಿ ಬರಬೇಕಿದೆ; ಮಧುಗಿರಿ ಕಡೆಯಿಂದಲೇ ಬಂದರೆ ಬೇಡ ಎನ್ನುವವರು ಯಾರು?

ಕೆಳದನಿಯ ರುಚಿ ಈ ನೆಲಕ್ಕೆ ಹೊಸದೇನಲ್ಲ. ಶಿರಾ ಸೀಮೆಯ ಕಾಡುಗೊಲ್ಲರು ಜುಂಜಪ್ಪನ ಕಾವ್ಯ ಹಾಡುವಾಗ ಜೊತೆಗಿರುವುದು ಗಣೆ, ಉದ್ದನೆಯ ಬಿದಿರ ಕೊಳಲು. ಕಛೇರಿಯ ಕೊಳಲಿನ ಮಿಂಚು ಅದರಲ್ಲಿಲ್ಲ, ಗಂಭೀರ ಗಾಳಿಯಿದೆ. ಪಾವಗಡ, ಮಧುಗಿರಿಯ ಉರುಮೆ ಎಂಬ ಚರ್ಮವಾದ್ಯ ಇನ್ನೂ ಸ್ವಾರಸ್ಯದ್ದು. ಒಂದು ಮುಖವನ್ನು ಕಡ್ಡಿಯಿಂದ ಬಾರಿಸುತ್ತಾ ಇನ್ನೊಂದನ್ನು ಬಾಗಿದ ಕೋಲಿನಿಂದ ಉಜ್ಜುತ್ತಾರೆ. ಉಜ್ಜಿದಾಗ ಏಳುವ ದನಿ ಒಂದು ಸ್ಥಾಯಿಯಲ್ಲಿ ನಿಲ್ಲದೆ ಜಾರುತ್ತದೆ, ನರಳುತ್ತದೆ, ಏರಿ ಇಳಿಯುತ್ತದೆ. ಫ್ರೆಟ್‌ಲೆಸ್ ಬೇಸಿನಲ್ಲಿ ಅಮೆರಿಕದ ಜಾಕೊ ಪಾಸ್ಟೋರಿಯಸ್ ತೆಗೆದ ಜಾರುದನಿಯನ್ನು ಜಗತ್ತು ಹೊಸತೆಂದು ಬೆರಗಾಯಿತು. ಉರುಮೆ ಕೇಳಿ ಬೆಳೆದವರಿಗೆ ಅದು ಅಷ್ಟು ಹೊಸದೆನಿಸಲಾರದು.

ತತ್ವಪದದವರ ಏಕತಾರಿಯಂತೂ ಒಂಟಿ ಬೇಸ್ ವಾದನಕ್ಕೆ ನೇರ ಪಾಠ. ಒಂದು ತಂತಿ ಶ್ರುತಿ ಹಿಡಿದಿರುತ್ತದೆ, ಹಾಡು ಅದರ ಮೇಲೆ ಕೂರುತ್ತದೆ. ಶಿಶುನಾಳ ಶರೀಫರ ಪದಗಳನ್ನು ರಘು ದೀಕ್ಷಿತ್ ಬ್ಯಾಂಡಿಗೆ ತಂದು 2008ರಲ್ಲಿ ಆಲ್ಬಮ್ ಮಾಡಿದಾಗ ಗೌರವ್ ವಾಜ್ ಅವರ ಬೇಸ್ ಅಲ್ಲಿತ್ತು. ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ತಂಡದಲ್ಲಿ ಆ ಜಾಗ ಜಿಷ್ಣು ದಾಸ್‌ಗುಪ್ತಾ ಅವರದು. ಜನಪದದ ಜೊತೆ ಈ ವಾದ್ಯ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆಯನ್ನು ಇವರೆಲ್ಲ ಆಗಲೇ ಮುಗಿಸಿದ್ದಾರೆ.

ಒಬ್ಬರೇ ನುಡಿಸಿದರೆ ಖಾಲಿ ಖಾಲಿ ಅನಿಸುವುದಿಲ್ಲವೇ ಎಂದು ಕೇಳುವವರಿಗೆ ವಾದ್ಯವೇ ಉತ್ತರ ಕೊಡುತ್ತದೆ. ಎ ತಂತಿಯ ಬರಿ ದನಿಯನ್ನು ಷಡ್ಜ ಎಂದುಕೊಳ್ಳಿ. ಅದರ ಕೆಳಗಿನ ಇ ತಂತಿಯ ಬರಿ ದನಿ ತಾನಾಗಿಯೇ ಮಂದ್ರ ಪಂಚಮ. ಹೆಬ್ಬೆರಳಿಗೆ ಈ ಎರಡು ತಂತಿ ಬಿಟ್ಟುಕೊಟ್ಟರೆ ತಂಬೂರಿ ಸಿದ್ಧ. ಮಿಕ್ಕ ಎರಡು ತಂತಿಯಲ್ಲಿ ಮೋಹನ ರಾಗ ಹುಡುಕಿ. ಡಿ ತಂತಿಯ ಎರಡನೇ ಫ್ರೆಟ್ ಪಂಚಮ, ನಾಲ್ಕನೆಯದು ಧೈವತ. ಜಿ ತಂತಿಯ ಎರಡನೇ ಫ್ರೆಟ್ ಮೇಲಿನ ಷಡ್ಜ, ನಾಲ್ಕು ರಿಷಭ, ಆರು ಗಾಂಧಾರ. ಎಡಗೈ ಐದೇ ಫ್ರೆಟ್ಟುಗಳ ಅಂತರದಲ್ಲಿ ಓಡಾಡಿಕೊಂಡಿರುತ್ತದೆ, ರಾಗವೂ ಶ್ರುತಿಯೂ ಒಂದೇ ವಾದ್ಯದಿಂದ ಬರುತ್ತವೆ. ಕೇಳುವವರಿಗೆ ಇಬ್ಬರು ನುಡಿಸಿದಂತೆ. ಇಷ್ಟಕ್ಕೆ ಬ್ಯಾಂಡೂ ಬೇಡ, ಟ್ರ್ಯಾಕೂ ಬೇಡ. ಹತ್ತು ಹನ್ನೆರಡು ಸಾವಿರದ ಆಸುಪಾಸಿನ ಸಾಧಾರಣ ವಾದ್ಯ, ಒಂದು ಚಿಕ್ಕ ಆಂಪ್ಲಿಫೈಯರ್ ಸಾಕು.

ಕಲಿಯುವ ಕ್ರಮದ ಬಗ್ಗೆ ಜಗಳವಾಡುವವರು ಆಡಲಿ, ಈ ಲೇಖನದ ಆಯ್ಕೆ ಹೀಗಿದೆ. ರಾಜನ್-ನಾಗೇಂದ್ರ ಅವರ ಎಪ್ಪತ್ತರ ದಶಕದ ಹಾಡುಗಳು ಕೈ ಪಳಗಲು ಒಳ್ಳೆಯವು, ಬೇಸ್ ಅಲ್ಲಿ ಹೆಚ್ಚಾಗಿ ಕಾರ್ಡಿನ ಬುಡ ಹಿಡಿದು ನಿಲ್ಲುತ್ತದೆ. ಒಂಟಿಯಾಗಿ ನುಡಿಸಲು ಅವು ಸಾಲವು. ಮೊದಲ ನಿಜವಾದ ಕೃತಿ 'ನಗುವ ನಯನ'ವೇ ಆಗಲಿ. ಬೆರಳು ಹಚ್ಚುವ ಮೊದಲು ಬೇಸ್ ಸಾಲನ್ನು ಬಾಯಲ್ಲಿ ಹಾಡಿಕೊಳ್ಳಬೇಕು. ಹಾಡಲು ಬಾರದ ಸಾಲು ನುಡಿಸಲೂ ಬಾರದು. ಸ್ವರ ಎಲ್ಲಿ ಶುರುವಾಗುತ್ತದೆ ಎಂಬುದಕ್ಕಿಂತ ಎಲ್ಲಿ ನಿಲ್ಲುತ್ತದೆ ಎಂಬುದನ್ನು ಗಮನಿಸಬೇಕು. ತಂತಿಯನ್ನು ತಡೆದು ದನಿ ನಿಲ್ಲಿಸುವ ಎಡಗೈಯೇ ಬೇಸಿಗೆ ಲಯ ಕೊಡುವುದು. ವೇಗದ 'ಜೊತೆಯಲಿ' ಎರಡನೆಯದು. ಮೊಬೈಲಿನಲ್ಲೇ ಅರ್ಧ ವೇಗಕ್ಕೆ ಇಳಿಸಿ ಕೇಳುವ ಸೌಲಭ್ಯ ಈಗ ಎಲ್ಲರ ಕೈಯಲ್ಲಿದೆ, ಹೆಡ್‌ಫೋನ್ ಮಾತ್ರ ಮರೆಯಬಾರದು. 1987ರ 'ಪ್ರೇಮಲೋಕ'ದಿಂದ ಮುಂದಿನ ಕೀಬೋರ್ಡ್ ಯುಗದ ಹಾಡುಗಳಲ್ಲಿ ಬೇಸಿಗೆ ತಾಳದ ಚುರುಕು ಹೆಚ್ಚು, ರಾಗದ ಓಡಾಟ ಕಡಿಮೆ. ಕುಣಿಸಲು ಚೆಂದ, ಒಂಟಿಯಾಗಿ ಕೂತು ನುಡಿಸಲು ಬೇಗ ಬೇಸರ. ಹೊರಗಿನವುಗಳಲ್ಲಿ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ 1969ರ 'ಸಮ್‌ಥಿಂಗ್' ಹಾಡಿಗೆ ನುಡಿಸಿದ ಸಾಲು ಇಳಯರಾಜ ಅಭಿಮಾನಿಗಳಿಗೆ ತಕ್ಷಣ ಹಿಡಿಸುತ್ತದೆ, ಅಲ್ಲೂ ಬೇಸ್ ಎರಡನೇ ಗಾಯಕ. ಜಾಕೊ ಪಾಸ್ಟೋರಿಯಸ್ ಅವರ 1976ರ 'ಪೋರ್ಟ್ರೇಟ್ ಆಫ್ ಟ್ರೇಸಿ' ಬೇಸೊಂದಕ್ಕೇ ಮಾಡಿದ ರಚನೆ, ತಂತಿಯನ್ನು ಒತ್ತದೆ ಬರೀ ಸೋಕಿ ಹೊರಡಿಸುವ ಗಂಟೆಯಂಥ ದನಿಗಳೇ ಅದರಲ್ಲಿ ತುಂಬಿವೆ. ಅದನ್ನು ವರ್ಷಾನುಗಟ್ಟಲೆ ಆಮೇಲಕ್ಕೆ ಇಟ್ಟುಕೊಳ್ಳುವುದು ಕ್ಷೇಮ.

ಒಂಟಿಯಾಗಿ ಕಲಿತದ್ದಕ್ಕೆ ವೇದಿಕೆ ಎಲ್ಲಿದೆ ಎಂದರೆ ತುಮಕೂರು ಜಿಲ್ಲೆಯಲ್ಲಿ ಅದಕ್ಕೆ ಬರವಿಲ್ಲ. ಗುಬ್ಬಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆ ಇದು. 'ಕುರುಕ್ಷೇತ್ರ' ಆಡದ ಹಳ್ಳಿ ಇಲ್ಲಿ ಅಪರೂಪ. ದುರ್ಯೋಧನನ ಪಾತ್ರಕ್ಕೆ ಕೈಯಿಂದ ದುಡ್ಡು ಕಟ್ಟಿ ಬಣ್ಣ ಹಚ್ಚುವ ರೈತರಿದ್ದಾರೆ (ಪಾತ್ರ ದೊಡ್ಡದಾದಷ್ಟೂ ಬಾಬ್ತು ಹೆಚ್ಚು, ಭೀಮನ ಗದೆಗೂ ಒಂದು ರೇಟು). ತಿಂಗಳುಗಟ್ಟಲೆ ರಾತ್ರಿ ತಾಲೀಮು ನಡೆಸುವ ಹಾರ್ಮೋನಿಯಂ ಮೇಷ್ಟ್ರು ಶ್ರುತಿ, ಮಟ್ಟು, ಕಂದಪದ್ಯ ಎಲ್ಲವನ್ನೂ ಹೊತ್ತವರು. ಅವರ ಪಕ್ಕಕ್ಕೆ ಈಗಾಗಲೇ ಕೀಬೋರ್ಡ್ ಬಂದಿದೆ, ರಿದಂ ಪ್ಯಾಡೂ ಬಂದಿದೆ. ಬೇಸ್ ಗಿಟಾರ್ ಬಂದರೆ ಸಂಪ್ರದಾಯ ಕೆಡುತ್ತದೆ ಎನ್ನುವ ವಾದ ಅಲ್ಲಿಗೇ ಬಿದ್ದುಹೋಗುತ್ತದೆ. ಕಂದಪದ್ಯಕ್ಕೆ ತಾಳದ ಹಂಗಿಲ್ಲ. ನಟ ಎಳೆದಷ್ಟು ಹೊತ್ತು ಆಧಾರ ದನಿ ನಿಲ್ಲಬೇಕು, ಅವನು ಇಳಿದಲ್ಲಿ ಜೊತೆಗೆ ಇಳಿಯಬೇಕು. ಎ ತಂತಿಯಲ್ಲಿ ಷಡ್ಜ ಹಿಡಿದು ಮೋಹನ ಸಾಧಿಸಿದ ಹುಡುಗನೋ ಹುಡುಗಿಯೋ ಇದನ್ನು ಮಾಡಬಲ್ಲರು. ಎರಡು ಅಂಕಗಳ ನಡುವೆ ಪರದೆ ಬದಲಿಸುವ ಹೊತ್ತಿನಲ್ಲಿ ಪ್ರೇಕ್ಷಕರು ಸಿಳ್ಳೆ ಹಾಕುತ್ತಾ ಕಾಯುತ್ತಾರೆ. ಸೀನರಿಯವರು ಹಗ್ಗ ಎಳೆದು ಮುಗಿಸುವವರೆಗಿನ ಆ ಬಿಡುವು ಒಂದು ಬೇಸ್ ಸಾಲನ್ನು ಮೊದಲಿಂದ ಕೊನೆಯವರೆಗೆ ನುಡಿಸಲು ಸಾಕಷ್ಟಾಗುತ್ತದೆ. ಈ ಸುಗ್ಗಿಯ ನಾಟಕಗಳಿಗೆ ತಾಲೀಮು ಹೂಡುವ ಮೇಷ್ಟ್ರುಗಳಲ್ಲಿ ಒಬ್ಬರಾದರೂ ಆ ಬಿಡುವನ್ನು ಕಲಿಯುವವರಿಗೆ ಬಿಟ್ಟುಕೊಟ್ಟು ನೋಡಲಿ.